ಗೆರೆ ನಿಂತ ದಿನದ ಪೇಡೆ

ಹನ್ನೊಂದು ವರ್ಷದಲ್ಲಿ ನನ್ನ ಗೆರೆ ಒಂದು ಸಲವೂ ಜಾರಿಲ್ಲ. ಜಂಬ ಕೊಚ್ಚುತ್ತಾಳೆ ಎಂದು ಯಾರಾದರೂ ಅಂದುಕೊಂಡರೆ ಅಂದುಕೊಳ್ಳಲಿ, ಇದ್ದದ್ದನ್ನು ಹೇಳಲು ನನಗೇನು ನಾಚಿಕೆ? ನಮ್ಮೂರ ಹೊರಗಿನ ಕಲ್ಲಿನ ಕಟ್ಟೆಯ ಮೇಲೆ ಹತ್ತೊಂಬತ್ತು ಮಣೆಗಳಿವೆ. ಒಂದೊಂದು ಮಣೆಯ ಮುಂದೆ ಒಂದೊಂದು ಲೇಸರ್ ಡಬ್ಬಿ. ಅವುಗಳಿಂದ ಹೊರಟ ಹತ್ತೊಂಬತ್ತು ಹಸಿರು ಗೆರೆಗಳು ಸುಣ್ಣದ ಭಟ್ಟಿಗಳ ಮೇಲಿಂದ ಹಾದು, ಆಕಾಶದಲ್ಲಿ ನಿಂತಿರುವ ನಮ್ಮ ಹತ್ತೊಂಬತ್ತು ಮಂದಿಯ ಎದೆಯ ಮೇಲೆ ಹೋಗಿ ಕೂಡುತ್ತಿದ್ದವು. ಆರನೆಯ ಮಣೆ ನನ್ನದು. ಅದರ ಗೆರೆಯ ತುದಿಯಲ್ಲಿ ನನ್ನ ತಂಗಿ ದಾಕ್ಷಾಯಣಿ ಇದ್ದಳು.

ನಮ್ಮೂರಲ್ಲಿ ಕೆಲವರು ಏರುತ್ತಾರೆ. ಯಾರು, ಯಾವಾಗ ಎಂದು ಹೇಳಲು ಬರುವುದಿಲ್ಲ. ಅದಕ್ಕೇ ಕೂಸು ಹುಟ್ಟಿದ ಹನ್ನೆರಡನೆಯ ದಿನವೇ ಅದರ ಕೊರಳಿಗೆ ಕನ್ನಡಿಯಂತೆ ಉಜ್ಜಿದ ತಗಡಿನ ಬಿಲ್ಲೆ ಕಟ್ಟುತ್ತೇವೆ. ಏರಿದವರ ಬಿಲ್ಲೆಯ ಮೇಲೆ ಗೆರೆ ಕೂತಿರುವವರೆಗೆ ಅವರು ಊರಿನ ಮೇಲೆಯೇ ಇರುತ್ತಾರೆ. ಗೆರೆ ತಪ್ಪಿ, ಹತ್ತು ಎಣಿಸುವುದರೊಳಗೆ ಮತ್ತೆ ಸಿಗದಿದ್ದರೆ ಗಾಳಿ ಅವರನ್ನು ಗುಡ್ಡದ ಆಚೆ ಒಯ್ದುಬಿಡುತ್ತದೆ. ಹಾಗೆ ಹೋದವರು ತಿರುಗಿ ಬಂದದ್ದಿಲ್ಲ. ನಾನು ಚಿಕ್ಕವಳಿದ್ದಾಗ ಕೆರೆ ಓಣಿಯ ಒಂದು ಮನೆಯವರ ಗೆರೆ ಜಾರಿತ್ತು. ಆ ಮನೆಯವರಿಗೆ ಇವತ್ತಿಗೂ ಯಾರೂ ಹೆಣ್ಣು ಕೊಡುವುದಿಲ್ಲ, ಅಲ್ಲಿ ನೀರು ಸಹ ಕುಡಿಯುವುದಿಲ್ಲ. ಪರವೂರಿನಿಂದ ಬಂದವರು, ಮೇಲಿರುವವರು ಊಟಕ್ಕೆ ಏನು ಮಾಡುತ್ತಾರೆ ಎಂದು ಕೇಳುತ್ತಾರೆ. ನಾವು ಯಾವತ್ತೂ ಕೇಳಿಲ್ಲ.

ಗೆರೆ ಹಿಡಿಯುವುದೆಂದರೆ ಸುಮ್ಮನೆ ಬೆಳಕು ಬಿಟ್ಟು ಕೂಡುವ ಕೆಲಸವಲ್ಲ. ಹಗಲೂ ರಾತ್ರಿ ಉರಿಯುವ ಮೂರು ಭಟ್ಟಿಗಳ ಮೇಲಿನ ಗಾಳಿ ಎಸರಿನ ನೀರಿನ ಹಾಗೆ ಕುದಿಯುತ್ತಿರುತ್ತದೆ. ನೆಟ್ಟಗೆ ಹೊರಟ ಬೆಳಕು ಅದರಲ್ಲಿ ಹಾದು ಸೊಟ್ಟಗಾಗುತ್ತದೆ. ಡಬ್ಬಿಯ ಮುಂದೆ ಊಟದ ತಾಟಿನಷ್ಟು ಅಗಲದ ಕನ್ನಡಿ ಇದೆ, ಬೆರಳೊತ್ತಿದರೆ ಬಾಗುವಷ್ಟು ತೆಳು. ಅದರ ಬೆನ್ನಿಗೆ ಹತ್ತು ತಿರುಪುಗಳು, ಹತ್ತು ಬೆರಳಿಗೆ ಹತ್ತು. ಮೇಲಿನ ಬಿಲ್ಲೆಗೆ ತಾಗಿ ತಿರುಗಿ ಬಂದ ಬೆಳಕು ನಮ್ಮೆದುರಿನ ಬಿಳಿ ಹಲಗೆಯ ಮೇಲೆ ಚುಕ್ಕಿಯಾಗಿ ಬೀಳುತ್ತದೆ. ಹಲಗೆಯ ನಡುವೆ ಕಾಡಿಗೆಯಲ್ಲಿ ಬರೆದ ಒಂದು ಬಳೆ. ಚುಕ್ಕಿ ಆ ಬಳೆಯೊಳಗೇ ಇರಬೇಕು. ಗಾಳಿ ಅದನ್ನು ಎಡಕ್ಕೆ ತಳ್ಳಿದರೆ ನಾವು ಕನ್ನಡಿಯನ್ನು ಅಷ್ಟೇ ಬಲಕ್ಕೆ ಬಾಗಿಸಬೇಕು. ಕಣ್ಣು ನೋಡಿ, ತಲೆ ತಿಳಿದು, ಆಮೇಲೆ ಬೆರಳು ಒತ್ತಿದರೆ ಹೊತ್ತು ಮೀರಿರುತ್ತದೆ. ಬೆರಳಿಗೇ ತಿಳಿಯಬೇಕು. ನಮಗೆಲ್ಲ ಈ ಕೆಲಸ ಕಲಿಸಿದವರು ಅಡಿವೆಪ್ಪ ಮಾಸ್ತರು. ಅವರ ಪಾಠ ಒಂದೇ: “ಚುಕ್ಕಿ ಅಲುಗಾಡಿತು ಅಂದ್ರ ಗಾಳಿ. ಗಾಳಿ ಬಿಟ್ಟು ಬ್ಯಾರೆ ಏನೂ ಅಲ್ಲ. ಒತ್ತು.”

ಒಂದು ಇಡೀ ದಿನ ಚುಕ್ಕಿ ಬಳೆಯ ನಡುವೆ ಮಿಸುಕಾಡದೆ ಕೂತರೆ ಗೆರೆ ನಿಂತಿತು ಎನ್ನುತ್ತೇವೆ. ಅವತ್ತು ಆ ಮನೆಯವರು ಊರಿಗೆಲ್ಲ ಪೇಡೆ ಹಂಚುತ್ತಾರೆ. ಮೇಲಿದ್ದವರಿಗೆ ಮನಸ್ಸು ನೆಲೆಸಿತು, ಹಿಡಿದವರ ಕೈ ಪಳಗಿತು ಎಂದು ಅರ್ಥ. ಒಮ್ಮೆ ನಿಂತ ಗೆರೆ ಮುಂದೆ ಅಷ್ಟು ಕಾಡುವುದಿಲ್ಲ, ಗಾಳಿಯದಷ್ಟನ್ನು ಸರಿ ಮಾಡಿಕೊಂಡು ಹೋದರೆ ಸಾಕು. ಕಟ್ಟೆಯ ಮೇಲಿನ ಹದಿನೆಂಟು ಗೆರೆಗಳೂ ಒಂದಲ್ಲ ಒಂದು ವರ್ಷ ನಿಂತಿವೆ. ಹದಿನೆಂಟು ಮನೆಯ ಪೇಡೆಯನ್ನೂ ನಾನು ತಿಂದಿದ್ದೇನೆ. ನನ್ನ ಮನೆಯ ಪೇಡೆಯನ್ನು ಮಾತ್ರ ಯಾರೂ ತಿಂದಿರಲಿಲ್ಲ.

ಇದು ನನ್ನ ಹೊಟ್ಟೆಯೊಳಗಿನ ಕಿಚ್ಚಾಗಿತ್ತು. ನನಗಿಂತ ಮಂದ ಬೆರಳಿನವರು, ಹಲಗೆ ನೋಡುತ್ತ ತೂಕಡಿಸುವವರು ಸಹ ಪೇಡೆ ಹಂಚಿ ಹೋಗಿದ್ದರು. ನನ್ನ ಚುಕ್ಕಿ ಮಾತ್ರ ಬಳೆಯೊಳಗೇ ಇದ್ದರೂ ಒಳಗೊಳಗೇ ಮಿಡುಕುತ್ತಿತ್ತು. “ನಿಂದು ಸೀದಾ ಮೂರನೇ ಭಟ್ಟಿ ಮ್ಯಾಲ ಹಾಯ್ತದ ಶಂಕ್ರಕ್ಕ, ನೀನರ ಏನ ಮಾಡ್ತಿ” ಎಂದು ಜನ ಸಮಾಧಾನ ಹೇಳುತ್ತಿದ್ದರು. ನಾನೂ ಹಾಗೇ ಹೇಳಿಕೊಳ್ಳುತ್ತಿದ್ದೆ. ಮೂರನೇ ಭಟ್ಟಿಯ ಮಾಲೀಕನಿಗೆ ನಾನು ಹಾಕಿದಷ್ಟು ಶಾಪ ಅವನ ಶತ್ರುಗಳೂ ಹಾಕಿರಲಿಕ್ಕಿಲ್ಲ.

ದಾಕ್ಷಾಯಣಿ ಏರಿದ್ದು ಒಂದು ಮಂಗಳವಾರ, ಹಿತ್ತಿಲಲ್ಲಿ ಬಟ್ಟೆ ಒಣಹಾಕುವಾಗ. ಕಾಲು ನೆಲ ಬಿಟ್ಟಾಗ ಅವಳ ಕೈಯಲ್ಲಿ ಮಗಳು ಕಸ್ತೂರಿಯ ಲಂಗವಿತ್ತು. ಅದನ್ನು ಕೆಳಗೆ ಒಗೆದಳು, ಇನ್ನೂ ಒದ್ದೆ ಇತ್ತು. ಆಗ ಕಸ್ತೂರಿಗೆ ಒಂಬತ್ತು ವರ್ಷ. ಅವಳಿಗೆ ಅಪ್ಪ ಮೊದಲೇ ಇರಲಿಲ್ಲ. ನಾನೇ ಸಾಕಿದೆ. ಹಗಲು ನಾನು ಮಣೆಯ ಮೇಲೆ ಕೂಡುತ್ತಿದ್ದೆ, ರಾತ್ರಿ ನನ್ನ ಗಂಡ. ಅವರು ತೀರಿಕೊಂಡ ಮೇಲೆ ರಾತ್ರಿಯ ಪಾಳಿಯನ್ನು ಕಸ್ತೂರಿಯೇ ಹಿಡಿದಳು. ಅದಕ್ಕೂ ಐದು ವರ್ಷವಾಯಿತು. ದಾಕ್ಷಾಯಣಿಯ ನಂತರ ನಮ್ಮೂರಲ್ಲಿ ಯಾರೂ ಏರಿಲ್ಲ. ಏರಿದವರಲ್ಲಿ ಅವಳೇ ಕೊನೆಯವಳು.

ಹೋದ ತಿಂಗಳು ಭಟ್ಟಿಗಳ ಹೊಗೆಕೊಳವೆ ಬುಡದಿಂದ ತುದಿಯವರೆಗೆ ಸೀಳಿತು. ಮೂರೂ ಭಟ್ಟಿಗೆ ಅದೊಂದೇ ಕೊಳವೆ. ಕಟ್ಟಿ ಮುಗಿಸುವವರೆಗೆ ಬೆಂಕಿ ಆರಿಸಲೇಬೇಕಾಯಿತು. ನನಗೆ ನೆನಪಿರುವಂತೆ ಭಟ್ಟಿ ಆರಿದ್ದು ಅದೇ ಮೊದಲು. ಒಂದನೆಯ ದಿನ ಗೋಡೆಗಳು ಬಿಸಿ ಕಾರುತ್ತಲೇ ಇದ್ದವು. ಎರಡನೆಯ ದಿನ ಕಡಿಮೆಯಾಯಿತು. ಎರಡನೆಯ ದಿನದ ಸಂಜೆ ನಾನು ಮಿಠಾಯಿ ಅಂಗಡಿಗೆ ಹೋಗಿ ಐದು ಕಿಲೋ ಪೇಡೆ ಹೇಳಿ ಬಂದೆ. ಅಂಗಡಿಯವನು, “ಗೆರಿ ನಿಂತಿತೇನಬೇ?” ಎಂದ. “ನಾಳಿಗೆ ನಿಲ್ತದ, ನೀ ಕಟ್ಟಿಡು” ಎಂದೆ. ಭಟ್ಟಿ ಆರಿದ ಮೇಲೆ ಇನ್ನು ಯಾವ ನೆಪ ಉಳಿದಿತ್ತು?

ಮೂರನೆಯ ದಿನ ಬೆಳಿಗ್ಗೆ ಕಟ್ಟೆ ಹತ್ತಿದರೆ ಗಾಳಿ ಎಂಬುದೇ ಇರಲಿಲ್ಲ. ಗರಿಕೆ ಸಹ ಅಲುಗುತ್ತಿರಲಿಲ್ಲ. ಹಸಿರು ಗೆರೆಗಳು ದಾರ ಹಿಡಿದು ಎಳೆದಂತೆ ನೆಟ್ಟಗೆ ನಿಂತಿದ್ದವು. ಜನ ತಿರುಪಿನಿಂದ ಕೈ ತೆಗೆದು ಬೆರಳು ಮುರಿದುಕೊಳ್ಳುತ್ತಿದ್ದರು, ನಗುತ್ತಿದ್ದರು. ಪಕ್ಕದ ಏಳನೆಯ ಮಣೆಯ ಖಾಸೀಂಬಿ ಕಾಲು ಚಾಚಿ ಚಹಾ ಕುಡಿಯುತ್ತಿದ್ದಳು. ಅವಳ ಗಂಡ ಮೌಲಾಸಾಬ ಏರಿ ಹದಿನಾರು ವರ್ಷವಾಗಿತ್ತು. ಅವನ ಗೆರೆ ನಿಂತು ಹತ್ತು ವರ್ಷ. ಅವಳ ಹಲಗೆಯ ಮೇಲೆ ಚುಕ್ಕಿ ಮೊಳೆ ಹೊಡೆದಂತೆ ಕೂತಿತ್ತು. ಉಳಿದ ಹದಿನೇಳು ಹಲಗೆಗಳೂ ಹಾಗೇ.

ನನ್ನ ಹಲಗೆಯ ಮೇಲೆ ಚುಕ್ಕಿ ಮಿಡುಕುತ್ತಿತ್ತು.

ನನಗೆ ಬಂದ ಸಿಟ್ಟನ್ನು ಹೇಗೆ ಹೇಳಲಿ. ಮಣೆಯ ಕಾಲು ಅಲ್ಲಾಡುತ್ತಿದೆಯೇ ಎಂದು ನೋಡಿದೆ. ಕನ್ನಡಿ ಒರೆಸಿದೆ. ಹತ್ತೂ ತಿರುಪಿಗೆ ಎಣ್ಣೆ ಬಿಟ್ಟೆ. ಡಬ್ಬಿಯ ಮೇಲೆ ಎರಡು ಬಾರಿಸಿದೆ ಸಹ. ಮಿಡುಕುವುದು ನಿಲ್ಲಲಿಲ್ಲ.

“ಶಂಕ್ರಕ್ಕ, ಭಟ್ಟಿ ಆರಿದ್ರೂ ನಿನ್ನ ಚುಕ್ಕಿ ಕುಣಿಯೂದು ಬಿಡವಲ್ದಲ್ಲ,” ಎಂದಳು ಖಾಸೀಂಬಿ. “ನಿನ್ನ ಸಿಟ್ಟಿಗೇ ಗಾಳಿ ಕುದಿಯಾಕತ್ತದೋ ಏನೋ.”

“ನಿನ್ನ ಚಾ ನೀ ಕುಡಿ. ನನ್ನ ಹಲಗಿ ನಾ ನೋಡ್ಕೋತೀನಿ.”

“ನೋಡ್ಕೋ ನಮ್ಮವ್ವ. ಪೇಡೆ ಹೇಳಿ ಬಂದೀಯಂತ, ಅದಕ್ಕ ಅಂದೆ.” ಅವಳು ಬಸಿಯಲ್ಲಿ ನನಗೂ ಅರ್ಧ ಚಹಾ ಸುರಿದು ಕೊಟ್ಟಳು.

ನಾನು ಬಸಿ ಹಿಡಿದು ಎದ್ದು ನಿಂತೆ. ಮಣೆಯ ಮೇಲೆ ಕೂತಾಗ ನಾವು ಚುಕ್ಕಿಯನ್ನು ನೋಡುವುದಿಲ್ಲ, ಅದರ ತಪ್ಪನ್ನು ನೋಡುತ್ತೇವೆ. ಅವತ್ತು ತಿರುಪಿನ ಮೇಲೆ ಕೈ ಇಲ್ಲದೆ, ನಾಲ್ಕು ಹೆಜ್ಜೆ ದೂರದಿಂದ, ಸುಮ್ಮನೆ ನೋಡಿದೆ. ಚುಕ್ಕಿ ಮೂರು ಸಲ ಕುಪ್ಪಳಿಸಿ ನಿಲ್ಲುತ್ತಿತ್ತು. ಉಸಿರು ಎಳೆದುಕೊಂಡಷ್ಟು ಹೊತ್ತು ಸುಮ್ಮನಿದ್ದು ಮತ್ತೆ ಮೂರು ಸಲ. ಮತ್ತೆ ನಿಲ್ಲುವುದು. ಮತ್ತೆ ಮೂರು. ನನ್ನ ತಲೆಗೆ ತಿಳಿಯುವ ಮೊದಲು ನನ್ನ ಬಲ ಮೊಣಕಾಲಿಗೆ ತಿಳಿಯಿತು. ಬಸಿ ಕೈಯಿಂದ ಬಿದ್ದು ಒಡೆಯಿತು.

ಚಿಕ್ಕಂದಿನಲ್ಲಿ ದಾಕ್ಷಾಯಣಿಗೆ ಹೆರಳು ಹಾಕುತ್ತಿದ್ದವಳು ನಾನು. ಹೊಸ್ತಿಲ ಮೇಲೆ ನಾನು ಕೂತು, ಕೆಳಗೆ ನನ್ನ ಕಾಲ ನಡುವೆ ಅವಳನ್ನು ಕೂಡಿಸಿಕೊಂಡು, ಕೊಬ್ಬರಿ ಎಣ್ಣೆ ಹಚ್ಚಿ, ಹಣಿಗೆಯಿಂದ ಬಾಚಿ, ಬಿಗಿಯಾಗಿ ಎಳೆದು ಹೆಣೆಯುತ್ತಿದ್ದೆ. ಸಡಿಲ ಹೆರಳು ಕಂಡರೆ ನನಗೆ ಆಗುತ್ತಿರಲಿಲ್ಲ. ಅವಳಿಗೆ ನೋಯುತ್ತಿತ್ತು. ಬಾಯಿ ಬಿಟ್ಟು ಅತ್ತರೆ ಅಪ್ಪ ಬೈಯುತ್ತಿದ್ದ, ಅದಕ್ಕೆ ಎರಡು ಬೆರಳಿನಿಂದ ನನ್ನ ಬಲ ಮೊಣಕಾಲಿನ ಮೇಲೆ ಮೂರು ಸಲ ಬಡಿಯುತ್ತಿದ್ದಳು. ಸಾಕು ಅಕ್ಕಾ, ಬಿಡು ಎಂದು ಅದರ ಅರ್ಥ. ನಾನು ಹಣಿಗೆಯಿಂದ ಅವಳ ನೆತ್ತಿಗೆ ಒಂದು ಕುಟ್ಟುತ್ತಿದ್ದೆ. ಸುಮ್ಮನೆ ಕೂಡು ಎಂದು ಅದರ ಅರ್ಥ.

ಇಲ್ಲ, ಹಾಗಿರಲಿಕ್ಕಿಲ್ಲ ಎಂದುಕೊಂಡೆ. ಮಣೆಯ ಮೇಲೆ ಕೂತು, ಒಂದೇ ಒಂದು ತಿರುಪನ್ನು ಒಮ್ಮೆ ಒತ್ತಿ ಬಿಟ್ಟೆ. ಹಣಿಗೆಯ ಒಂದು ಕುಟ್ಟು. ಚುಕ್ಕಿ ತಟ್ಟನೆ ನಿಂತಿತು. ಮೂರು ಉಸಿರಿನಷ್ಟು ಹೊತ್ತು ಹಾಗೇ ಇತ್ತು. ಆಮೇಲೆ ಮೂರು ಸಲ. ಕೂಡಲೇ ಮತ್ತೆ ಮೂರು. ಮತ್ತೆ ಮೂರು. ನಡುವೆ ಉಸಿರು ತೆಗೆದುಕೊಳ್ಳದೆ, ಯಾರೋ ಬಾಗಿಲು ಬಡಿದಂತೆ.

ಹನ್ನೊಂದು ವರ್ಷ ಅವಳು ತನ್ನ ಬಿಲ್ಲೆಯನ್ನು ಎಡಕ್ಕೆ ಬಡಿದಾಗಲೆಲ್ಲ ನಾನು ಬಲಕ್ಕೆ ಒತ್ತಿದ್ದೆ. ಮೂರು ಸಲ ಬಡಿದಾಗಲೆಲ್ಲ ಮೂರು ಸಲ ಒತ್ತಿದ್ದೆ. ಬೇರೆ ಯಾರಾದರೂ ಹಿಡಿದಿದ್ದರೆ ಒಂದೆರಡಾದರೂ ಬಳೆ ದಾಟಿ ಕಣ್ಣಿಗೆ ಬೀಳುತ್ತಿದ್ದವೇನೋ. ನನ್ನ ಕೈ ಅಷ್ಟು ಚುರುಕು. ಅವಳ ಒಂದೊಂದು ಮಾತನ್ನೂ ಬಾಯಿಂದ ಹೊರಬೀಳುವ ಮೊದಲೇ ಅಳಿಸಿ ಹಾಕಿದ್ದೆ.

“ಒಂದು ಗಳಿಗಿ ನನ್ನ ಹಲಗಿ ನೋಡು” ಎಂದು ಖಾಸೀಂಬಿಗೆ ಹೇಳಿ ಅಡಿವೆಪ್ಪ ಮಾಸ್ತರ ಬಳಿ ಹೋದೆ. ಕಟ್ಟೆಯ ಕೊನೆಯಲ್ಲಿ ಅವರದೊಂದು ಕೋಣೆ. ಮುಂದೆಯೇ ಒಂದನೆಯ ಮಣೆ, ಅದರ ಗೆರೆ ಅವರ ಹೆಂಡತಿಯದು. ಆಕೆ ಏರಿ ಮೂವತ್ತು ವರ್ಷ ದಾಟಿತ್ತು. ಮಾಸ್ತರು ಗೋಡೆಗೆ ಒರಗಿ ಕೂತಿದ್ದರು. ನಾನು ಕೂಡಲಿಲ್ಲ.

“ಮಾಸ್ತರ್ರ, ದಾಕ್ಷಾಯಣಿದು ಗಾಳಿ ಅಲ್ರಿ.”

ಅವರು ಚಷ್ಮಾ ತೆಗೆದು ಧೋತರದ ಅಂಚಿನಿಂದ ಒರೆಸತೊಡಗಿದರು. ಒರೆಸಿದ್ದನ್ನೇ ಒರೆಸಿದರು. “ಮತ್ತೇನು?” ಎಂದು ಕೇಳಲಿಲ್ಲ. ಆಗಲೇ ನನಗೆ ತಿಳಿಯಿತು.

“ನಿಮಗ ಗೊತ್ತಿತ್ತು,” ಎಂದೆ.

“ಕುಂದ್ರವಾ.”

“ಕುಂದ್ರೂದಿಲ್ಲ. ಗೊತ್ತಿತ್ತೋ ಇಲ್ಲೋ?”

“ನಮ್ಮಾಕಿ ಎಂಟು ವರ್ಷ ಬಡಕೊಂಡ್ಲು,” ಎಂದರು ಮಾಸ್ತರು. “ಬಳಿ ಒಳಗ ಸಣ್ಣಗ ಗುಂಡಗ ತಿರಗಾಕಿ. ಹಿಟ್ಟು ನಾದುವಾಗ ಕೈ ತಿರಗತದಲ್ಲ, ಹಂಗ. ನಾನೂ ಗಾಳಿ ಅಂದೆ. ಒತ್ತಿದೆ. ಎಂಟು ವರ್ಷ ಆದ ಮ್ಯಾಲ ಒಂದಿನ ನಿಂತ್ಲು. ಎಷ್ಟ ಖುಷಿ ಆಗಿತ್ತು ಗೊತ್ತೇನು ನನಗ? ಅವತ್ತ ಊರಿಗೆಲ್ಲ ಪೇಡೆ ಹಂಚೀನಿ. ಈ ಕಟ್ಟಿ ಮ್ಯಾಲ ಮೊದಲ ಪೇಡೆ ಹಂಚಿದಾಂವ ನಾನ.”

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ.

“ಮುಂದ ಎರಡು ವರ್ಷಕ್ಕ ಒಂದು ದುರ್ಬೀನು ತರಿಸಿದೆ. ಆಕಿ ಮುಖ ನೋಡೂಣಂತ.”

“ನೋಡಿದ್ರೇನ್ರಿ?”

“ದುರ್ಬೀನು ಬಾವ್ಯಾಗ ಒಗದೆ,” ಎಂದರು.

ಹೊರಗೆ ಯಾರೋ ಜೋರಾಗಿ ನಕ್ಕರು. ಹದಿನೆಂಟು ಹಲಗೆಗಳ ಮೇಲೆ ಹದಿನೆಂಟು ಚುಕ್ಕಿಗಳು ಅಲುಗದೆ ಕೂತಿದ್ದವು. ಬೆಳಗಿನಿಂದ ಅವನ್ನೆಲ್ಲ ಹೊಟ್ಟೆಕಿಚ್ಚಿನಿಂದ ನೋಡಿದ್ದೆ. ಈಗ ನೋಡಲು ಧೈರ್ಯವಾಗಲಿಲ್ಲ. “ಹಂಗಾದ್ರ ನಿಂತ ಗೆರಿ ಅಂದ್ರ,” ಎಂದೆ.

“ನಿನ್ನ ತಂಗಿ ಒಬ್ಬಾಕಿನ ಇನ್ನೂ ಕೇಳಾಕತ್ತಾಳ. ಉಳದವ್ರು ಕೇಳೂದು ಬಿಟ್ಟಾರ.”

“ಮತ್ತ ನಮಗ್ಯಾಕ ಗಾಳಿ ಅಂತ ಕಲಿಸಿದ್ರಿ? ಯಾಕ ಕಲಿಸಿದ್ರಿ ಹಂಗ?” ನನ್ನ ದನಿ ಏರಿತ್ತು. ಗುರುಗಳೆದುರು ಅಂಥ ದನಿ ನಾನು ಯಾವತ್ತೂ ತೆಗೆದವಳಲ್ಲ.

“ಹೇಳಿದ್ರ ಯಾರ ಕೈ ನಿಲ್ತಿತ್ತು? ಮ್ಯಾಲಿನವ್ರು ಒಬ್ಬೊಬ್ಬರಾಗಿ ಎಲ್ಲಾರೂ ಹೋಗ್ತಿದ್ರು. ಕಣ್ಣಿಗಾದ್ರೂ ಇರಲಿ ಅಂದೆ.” ಅವರು ಚಷ್ಮಾ ಹಾಕಿಕೊಂಡರು. “ನಾಳೆ ಮುಂಜಾನೆ ಭಟ್ಟಿ ಹಚ್ತಾರ. ಹಚ್ಚಿದ ಮ್ಯಾಲ ಮತ್ತ ಗಾಳಿ ಕುದೀತದ. ಗಾಳಿ ಅನ್ಕೋ. ಎರಡ ದಿನದಾಗ ಮರೀತಿ. ನಾ ಮರತೀನಿ.”

ಮರೆತಿದ್ದೇನೆ ಎನ್ನುವವರ ಬಲಗೈ ತೊಡೆಯ ಮೇಲೆ ಸಣ್ಣಗೆ, ಗುಂಡಗೆ ತಿರುಗುತ್ತಿತ್ತು. ಅದು ಅವರಿಗೆ ಗೊತ್ತಿರಲಿಲ್ಲ.

ನಾನು ಮತ್ತೆ ನನ್ನ ಮಣೆಗೆ ಬಂದು ಕೂತೆ. ಸುಳ್ಳೇಕೆ ಹೇಳಲಿ, ಮರೆಯಬೇಕೆಂದೇ ಮನಸ್ಸಾಗಿತ್ತು. ಭಟ್ಟಿಗೆ ಇವತ್ತೇ ಬೆಂಕಿ ಹಾಕಬಾರದೇ ಎಂದು ದೇವರನ್ನು ಕೇಳಿಕೊಂಡೆ. ಅವಳನ್ನು ಬಿಟ್ಟರೆ ಅವಳು ಹೋಗುತ್ತಾಳೆ, ಅಷ್ಟೇ ಅಲ್ಲ. ಕಸ್ತೂರಿಗೆ ಮೇಲೆ ನೋಡಲು ಒಂದು ಮಿಂಚೂ ಉಳಿಯುವುದಿಲ್ಲ. ಆ ಹುಡುಗಿ ಪರೀಕ್ಷೆ ಪಾಸಾದರೆ, ಹೊಸ ಸೀರೆ ಉಟ್ಟರೆ, ಜ್ವರ ಬಂದು ಎದ್ದರೆ, ಮೊದಲು ಅಂಗಳಕ್ಕೆ ಬಂದು ತಲೆ ಎತ್ತುತ್ತಿದ್ದಳು. ಹತ್ತು ಸಲ ತಿರುಪಿನ ಮೇಲೆ ಕೈ ಇಟ್ಟೆ. ಹತ್ತು ಸಲವೂ ಚುಕ್ಕಿ ಮೂರು ಸಲ ಬಡಿಯಿತು. ಗೊತ್ತಿದ್ದೂ ಒತ್ತಲು ಆಗಲಿಲ್ಲ.

ಸಂಜೆ ಐದಕ್ಕೆ ಕಸ್ತೂರಿ ಬಂದಳು. ಬರುವಾಗ ಅಂಗಡಿಯಿಂದ ಪೇಡೆಯ ಡಬ್ಬ ಹೊತ್ತೇ ಬಂದಿದ್ದಳು. ಅವಳ ಮುಖದ ತುಂಬ ನಗು.

“ದೊಡ್ಡವ್ವ, ನಿಂತಿತೇನು? ಯಾರಿಗೆ ಮೊದಲ ಕೊಡೂಣು?”

“ಡಬ್ಬಿ ಕೆಳಗ ಇಡು. ಇಲ್ಲಿ ಕುಂದ್ರು. ತಿರುಪು ಮುಟ್ಟಬ್ಯಾಡ, ಬರೇ ನೋಡು.”

ಅವಳು ನೋಡಿದಳು. ನಾನು ಹೆರಳಿನ ಕಥೆ ಹೇಳಿದೆ, ಮೊಣಕಾಲಿನ ಕಥೆ ಹೇಳಿದೆ, ಹಣಿಗೆಯ ಕುಟ್ಟನ್ನೂ ಹೇಳಿದೆ. ಮಾಸ್ತರು ಹೇಳಿದ್ದನ್ನು ದನಿ ಇಳಿಸಿ ಹೇಳಿದೆ. ಆದರೂ ಪಕ್ಕದಲ್ಲಿದ್ದ ಖಾಸೀಂಬಿಯ ಚಹಾದ ಲೋಟ ಬಾಯಿಯ ಹತ್ತಿರ ಹೋದದ್ದು ಅಲ್ಲೇ ನಿಂತಿತು. ಅವಳಿಗೆ ಕೇಳಿಸಿತ್ತು. ಕೇಳಿಸಬಾರದಾಗಿತ್ತು.

ಕಸ್ತೂರಿ ಹಲಗೆಯಿಂದ ಕಣ್ಣು ತೆಗೆಯದೆ ಮಾತಾಡಿದಳು. “ಊರ ಮಂದಿ ಹೇಳ್ತಾರ, ಹನ್ನೊಂದು ವರ್ಷ ನೀ ನಮ್ಮವ್ವನ ಕೈ ಹಿಡಕೊಂಡಿ ಅಂತ. ನೀ ಹಿಡಕೊಂಡಿದ್ದು ಆಕಿ ಬಾಯಿ, ದೊಡ್ಡವ್ವ.”

ನನಗೆ ಕಪಾಳಕ್ಕೆ ಹೊಡೆದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

“ನಾನೂ ಹಿಡಕೊಂಡೀನಿ,” ಎಂದಳು ಆಮೇಲೆ. “ಐದು ವರ್ಷ. ರಾತ್ರಿ ಪೂರ್ತಿ.”

“ಆಕಿ ನಿನ್ನವ್ವ. ನೀ ಹೆಂಗ ಹೇಳ್ತಿ ಹಂಗ,” ಎಂದೆ. ಜೀವಮಾನದಲ್ಲಿ ಮೊದಲ ಸಲ ಇನ್ನೊಬ್ಬರಿಗೆ ಹಾಗೆ ಹೇಳಿದೆ. “ಬ್ಯಾಡ ಅಂದ್ರ ಹಿಡಿಯೂಣು. ನಾಳಿಗೆ ಭಟ್ಟಿ ಹಚ್ತಾರ, ಮತ್ತ ಕಾಣೂದಿಲ್ಲ.”

“ನನಗ ಅವ್ವ ಬೇಕು,” ಎಂದಳು. ಇಪ್ಪತ್ತು ವರ್ಷದ ಹೆಣ್ಣುಮಗಳು ಆ ಮಾತನ್ನು ಒಂಬತ್ತು ವರ್ಷದವಳ ದನಿಯಲ್ಲಿ ಹೇಳಿದಳು. ನನಗೆ ಒಳಗೇ ನಿರಾಳವಾಯಿತು, ಅದನ್ನೂ ಬಚ್ಚಿಡುವುದಿಲ್ಲ. ನನ್ನ ಬೆರಳುಗಳು ತಾವಾಗಿಯೇ ತಿರುಪಿನ ಮೇಲೆ ಹೋಗಿ ಕೂತವು. ಚುಕ್ಕಿ ಬಡಿಯಿತು, ಬೆರಳು ಒತ್ತಿದವು. ಬಡಿಯಿತು, ಒತ್ತಿದವು.

ಕಸ್ತೂರಿ ಅದನ್ನೇ ನೋಡುತ್ತಿದ್ದಳು. “ಅವ್ವ ನನಗ ಹೆರಳು ಹಾಕುವಾಗ ನಾ ಒಮ್ಮಿನೂ ಬಡದಿಲ್ಲ,” ಎಂದಳು. “ಆಕಿ ಬಿಗಿ ಎಳೀತಿದ್ದಿಲ್ಲ. ಶಾಲಿ ಮುಟ್ಟೂದ್ರಾಗ ಬಿಚ್ಚಿ ಹೋಗ್ತಿತ್ತು.”

“ಗೊತ್ತದ. ನಾ ಅದೆಷ್ಟ ಬೈದೀನಿ ಆಕಿಗೆ.”

“ಆಕಿ ಏರಿದ ಮ್ಯಾಲ ನೀ ಹಾಕ್ತಿದ್ದಿ. ಆವಾಗ ನಾನೂ ಬಡೀತಿದ್ದೆ, ದೊಡ್ಡವ್ವ. ನಿನ್ನ ಮೊಣಕಾಲಿಗೆ. ಯಾರೂ ಕಲಿಸಿದ್ದಿಲ್ಲ, ನೋವಿಗೆ ಬಡೀತಿದ್ದೆ.”

ನನಗೆ ನೆನಪಿರಲಿಲ್ಲ. ಎಷ್ಟು ತಡಕಾಡಿದರೂ ನೆನಪಿಗೆ ಬರಲಿಲ್ಲ. ನನ್ನ ತಂಗಿಯದು ನೆನಪಿತ್ತು, ಈ ಹುಡುಗಿಯದು ಇರಲಿಲ್ಲ. ಎಷ್ಟು ವರ್ಷ, ಎಷ್ಟು ಬೆಳಗು, ಒಂದೂ ಇರಲಿಲ್ಲ.

“ಬಿಡೂಣು,” ಎಂದಳು ಕಸ್ತೂರಿ.

ನಾನು ಹೂಂ ಎಂದೆ. ಆದರೆ ಬೆರಳುಗಳು ಏಳಲಿಲ್ಲ. ನಾನು ಎತ್ತಬೇಕೆಂದುಕೊಳ್ಳುತ್ತಿದ್ದೆ, ಅವು ಒತ್ತುತ್ತಲೇ ಇದ್ದವು. ಚುಕ್ಕಿ ಎಡಕ್ಕೆ ಹೋದರೆ ಬಲಕ್ಕೆ, ಮೇಲೆ ಹೋದರೆ ಕೆಳಕ್ಕೆ. ನನ್ನ ಮಾತನ್ನು ನನ್ನ ಕೈಯೇ ಕೇಳುತ್ತಿರಲಿಲ್ಲ. “ಆಗವಲ್ದು,” ಎಂದೆ. “ಕಸ್ತೂರಿ, ನನ್ನ ಕಡಿಂದ ಆಗವಲ್ದು.”

ಅವಳು ನನ್ನ ಹಿಂದೆ ಬಂದು ಮೊಣಕಾಲೂರಿ ಕೂತಳು. ನನ್ನ ಬಲಗೈಯ ಕಿರುಬೆರಳನ್ನು ಹಿಡಿದು ತಿರುಪಿನಿಂದ ಮೇಲೆತ್ತಿ, ಆ ತಿರುಪನ್ನು ಸಡಿಲಿಸಿದಳು. ಆಮೇಲೆ ಅದರ ಪಕ್ಕದ್ದು. ಗಂಟು ಬಿದ್ದ ದಾರ ಬಿಡಿಸುವವರಂತೆ ಅವಸರವಿಲ್ಲದೆ, ಒಂದೊಂದಾಗಿ. ಏಳನೆಯ ಬೆರಳು ಎದ್ದಾಗ ಚುಕ್ಕಿ ಬಳೆಯ ಅಂಚು ಮುಟ್ಟಿತು. ಹತ್ತನೆಯದು ನನ್ನ ಎಡಗೈಯ ಹೆಬ್ಬೆರಳು. ಅದು ಎದ್ದಾಗ ಚುಕ್ಕಿ ಬಳೆ ದಾಟಿತು.

ಚುಕ್ಕಿ ಬಳೆ ದಾಟಿದರೆ ಪಕ್ಕದ ಮಣೆಯವರು ಗಟ್ಟಿಯಾಗಿ ಎಣಿಸಬೇಕು, ಕಟ್ಟೆಯ ಕಾಯಿದೆ ಅದು. ಖಾಸೀಂಬಿಯ ಬಾಯಿ ರೂಢಿಯಿಂದ ಶುರುವಾಯಿತು. “ಒಂದು, ಎರಡು, ಮೂರು.” ಕಟ್ಟೆಯ ಮೇಲಿದ್ದವರೆಲ್ಲ ಎದ್ದು ನಿಂತರು. ಯಾರೋ “ಶಂಕ್ರವ್ವಾ, ಕೈ! ಕೈ!” ಎಂದು ಕೂಗಿದರು. “ನಾಕು, ಐದು, ಆರು.” ಕಸ್ತೂರಿ ನನ್ನ ಎರಡೂ ಮುಂಗೈಗಳನ್ನು ತನ್ನ ಎದೆಗೆ ಒತ್ತಿ ಹಿಡಿದಿದ್ದಳು. ಏಳು ಎನ್ನುವಾಗ ಖಾಸೀಂಬಿಯ ದನಿ ಕಟ್ಟಿತು. ಮುಂದಿನದನ್ನು ಯಾರೂ ಎಣಿಸಲಿಲ್ಲ. ಚುಕ್ಕಿ ಹಲಗೆಯ ಅಂಚಿಗೆ ಬಂದು, ಅಲ್ಲಿ ಒಂದು ಗಳಿಗೆ ಇದ್ದು, ಹೊರಗೆ ಹೋಯಿತು.

ನಾವು ತಲೆ ಎತ್ತಿದೆವು. ಇಳಿಬಿಸಿಲಿಗೆ ಅವಳ ಬಿಲ್ಲೆ ಮಿನುಗುತ್ತಿತ್ತು. ಗಾಳಿ ಒಯ್ಯುತ್ತದೆ ಎಂದು ನಮಗೆಲ್ಲ ಹೇಳಿದ್ದರು. ಅವತ್ತು ಗಾಳಿಯೇ ಇರಲಿಲ್ಲ, ಗರಿಕೆ ಸಹ ಅಲುಗುತ್ತಿರಲಿಲ್ಲ. ಆ ಮಿನುಗು ಮೊದಲು ನಮ್ಮ ಮನೆಯ ಹಿತ್ತಿಲ ಮೇಲೆ ಬಂತು, ಸ್ವಲ್ಪ ಹೊತ್ತು ನಿಂತಿತು. ಆಮೇಲೆ ನಿಧಾನವಾಗಿ, ದಾರಿ ಗೊತ್ತಿದ್ದವರಂತೆ, ಗುಡ್ಡದ ಕಡೆ ಹೊರಟಿತು. ಅವಳನ್ನು ಯಾರೂ ಒಯ್ಯಲಿಲ್ಲ. ತಾನೇ ಹೋದಳು. ಕಸ್ತೂರಿ ಗುಡ್ಡದ ಆಚೆ ಅದು ಮರೆಯಾಗುವವರೆಗೆ ನೋಡಿದಳು. ನನ್ನ ಬೆರಳುಗಳು ಅವಳ ಕೈಯೊಳಗೆ ಇನ್ನೂ ಮೂರು ಮೂರು ಸಲ ಒತ್ತುತ್ತಿದ್ದವು.

ಜನ ಬೈಯುತ್ತಾರೆ, ಹೊಡೆಯಲು ಬರುತ್ತಾರೆ ಎಂದು ಕಾಯುತ್ತಿದ್ದೆ. ಯಾರೂ ಬರಲಿಲ್ಲ. ಎಲ್ಲರೂ ಖಾಸೀಂಬಿಯ ಕಡೆ ನೋಡುತ್ತಿದ್ದರು.

ಅವಳು ತನ್ನ ಮಣೆಯ ಮೇಲೆ ಕೂತು, ಒಂದು ತಿರುಪನ್ನು ಪೂರ್ತಿ ತಿರುಗಿಸಿ ಬೆಳಕನ್ನು ಮೌಲಾಸಾಬನ ಮೇಲಿಂದ ಸರಿಸಿಬಿಟ್ಟಿದ್ದಳು. ಹಲಗೆ ಖಾಲಿಯಾಗಿತ್ತು. ಈ ಸಲ ಅವಳ ದನಿ ಎಲ್ಲಿಯೂ ಕಟ್ಟಲಿಲ್ಲ. ಒಂದರಿಂದ ಹತ್ತರವರೆಗೆ ಎಣಿಸಿದಳು. ಹತ್ತಾದ ಮೇಲೆ ಇಪ್ಪತ್ತರವರೆಗೂ ಎಣಿಸಿದಳು. ಆಮೇಲೆ ತಿರುಪನ್ನು ಇದ್ದಲ್ಲಿಗೆ ತಂದಳು. ಚುಕ್ಕಿ ಬಳೆಯ ನಟ್ಟನಡುವೆ, ಮೊದಲಿದ್ದ ಜಾಗದಲ್ಲೇ, ಅಲುಗದೆ ಕೂತಿತ್ತು. ಬಿಟ್ಟರೂ ಹೋಗಲು ಮೌಲಾಸಾಬನಲ್ಲಿ ಏನೂ ಉಳಿದಿರಲಿಲ್ಲ.

ಅವಳು ಅದನ್ನೇ ನೋಡುತ್ತ ಕೂತಳು. ನನ್ನ ಪೇಡೆಯ ಡಬ್ಬ ನಮ್ಮಿಬ್ಬರ ಮಣೆಯ ನಡುವೆ, ಕಟ್ಟಿದ ದಾರ ಬಿಚ್ಚದೆ ಹಾಗೇ ಇತ್ತು.

“ಶಂಕ್ರಕ್ಕ,” ಎಂದಳು ಖಾಸೀಂಬಿ. “ಅವತ್ತ ನಾ ಹಂಚಿದ್ದು ನೀನೂ ತಿಂದಿದ್ದಿ ಅಲ್ಲಾ?”

“ತಿಂದಿದ್ದೆ.”

“ನಾನೂ ತಿಂದಿದ್ದೆ,” ಎಂದಳು. “ಎರಡು.”